ದೋಣಿ ಹತ್ತುವ ಮುನ್ನ ನಂಬರ್ ಕೇಳಿ

ಹೋದ ಚಳಿಗಾಲದಲ್ಲಿ ಮಲೆನಾಡಿನ ಒಂದು ಹಿನ್ನೀರಿನ ದಡದಲ್ಲಿ ನಾವು ಆರು ಜನ ಗೆಳೆಯರು ದೋಣಿಗಾಗಿ ಕಾಯುತ್ತಾ ನಿಂತಿದ್ದೆವು. ತಲೆಗೆ 200 ರೂಪಾಯಿ, ಅರ್ಧ ಗಂಟೆಯ ಸುತ್ತು. ಬಂದದ್ದು ಫೈಬರ್ ದೋಣಿ. ಹಿಂದೆ ಔಟ್‌ಬೋರ್ಡ್ ಎಂಜಿನ್, ಪಕ್ಕದಲ್ಲಿ ಒಬ್ಬ ನಟನ ದೊಡ್ಡ ಸ್ಟಿಕರ್. ನೋಂದಣಿ ಸಂಖ್ಯೆ ಎಲ್ಲೂ ಕಾಣಲಿಲ್ಲ.

“ಅಣ್ಣ, ಇದರ ನಂಬರ್ ಎಲ್ಲಿದೆ?” ಅಂತ ಕೇಳಿದೆ.

“ನಂಬರಾ? ಇದೇನು ಆಟೋನಾ ಮೇಡಂ?” ಅಂದರು ದೋಣಿಯವರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಹತ್ತಿದೆ ಕೂಡ. ಇದನ್ನು ಮುಚ್ಚಿಟ್ಟು ನಿಮಗೆ ಉಪದೇಶ ಮಾಡೋದು ಸರಿಯಲ್ಲ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಆಟೋಗೆ ನಂಬರ್ ಬೇಕು, ದೋಣಿಗೆ ಬೇಡ ಎಂಬುದು ಅವರೊಬ್ಬರ ನಂಬಿಕೆಯಲ್ಲ. ನಮ್ಮಲ್ಲಿ ಬಹುತೇಕರು ಹಾಗೇ ಅಂದುಕೊಂಡಿದ್ದೇವೆ. ದೋಣಿ ಮಗುಚಿದ ದಿನ ಮಾತ್ರ ಟಿವಿಯವರು “ಇದಕ್ಕೆ ಪರವಾನಗಿ ಇತ್ತಾ?” ಅಂತ ಕೇಳುತ್ತಾರೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತಾಗ ಕೇಳಿದರು. ಸತ್ತವರಲ್ಲಿ ಹಲವರು ಹಾವೇರಿ ಜಿಲ್ಲೆಯಿಂದ ದೇವರ ದರ್ಶನಕ್ಕೆಂದು ಬಂದವರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ ಸತ್ತಾಗ ಕೇಳಿದರು. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದಾಗಲೂ ಕೇಳಿದರು. ವಾರ ಕಳೆದ ಮೇಲೆ ಆ ಪ್ರಶ್ನೆ ಮತ್ತೆ ಬರುವುದಿಲ್ಲ.

ಹಾಗಾದರೆ ಕಾನೂನು ಏನು ಹೇಳುತ್ತೆ? ದೋಣಿ ಇಟ್ಟುಕೊಳ್ಳಬೇಕು ಅನ್ನುವವರಿಗೂ, ನನ್ನಂತೆ ಬರೀ ಹತ್ತುವವರಿಗೂ ಬೇಕಾದಷ್ಟನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಯಾವ ನೀರು, ಯಾವ ಕಾನೂನು

ನದಿ, ಕೆರೆ, ಕಾಲುವೆ, ಹಿನ್ನೀರು ಇವೆಲ್ಲ ಒಳನಾಡು ನೀರು. ಇವಕ್ಕೆ ಅನ್ವಯವಾಗುವುದು 2021ರ ಒಳನಾಡು ಹಡಗು ಕಾಯ್ದೆ, ಅಂದರೆ ಇನ್‌ಲ್ಯಾಂಡ್ ವೆಸೆಲ್ಸ್ ಆಕ್ಟ್. ಹೆಸರಲ್ಲಿ ಹಡಗು ಅಂತಿದ್ದರೂ ಆರು ಜನ ಕೂರುವ ಎಂಜಿನ್ ದೋಣಿಯೂ ಇದರೊಳಗೇ ಬರುತ್ತೆ. ಇದಕ್ಕೂ ಮೊದಲು ನಡೆಯುತ್ತಿದ್ದದ್ದು ಬ್ರಿಟಿಷರು 1917ರಲ್ಲಿ ಮಾಡಿದ ಕಾಯ್ದೆ. ಅದು ಹುಟ್ಟಿದ್ದೇ ಹಬೆ ದೋಣಿಗಳಿಗಾಗಿ. ಯಂತ್ರದಿಂದ ಓಡುವುದನ್ನು ಬಿಟ್ಟು ಬೇರೆ ಯಾವುದರ ಕಡೆಗೂ ಅದು ತಿರುಗಿ ನೋಡುತ್ತಿರಲಿಲ್ಲ. ನೂರು ವರ್ಷ ನಮ್ಮ ತೆಪ್ಪ, ಹರಿಗೋಲು, ಹುಟ್ಟು ಹಾಕುವ ದೋಣಿ ಎಲ್ಲವೂ ಅದರ ಕಣ್ಣಿಗೆ ಬೀಳದೆ ಉಳಿದವು.

ಸಮುದ್ರದ್ದು ಬೇರೆ ಲೆಕ್ಕ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ದೋಣಿಗಳಿಗೆ ಬಂದರು ಮತ್ತು ಹಡಗು ಸಾಗಣೆಯ ಕಾನೂನುಗಳು ಅನ್ವಯವಾಗುತ್ತವೆ. ಅಲ್ಲಿ ನೀವು ಹುಡುಕಬೇಕಾದದ್ದು ಬಂದರು ಅಧಿಕಾರಿಯನ್ನು. ಮಳೆಗಾಲದಲ್ಲಿ ಸೇಂಟ್ ಮೇರೀಸ್ ಕಡೆಗೆ ದೋಣಿ ಬಿಡುವುದೇ ಇಲ್ಲ. ಆಗ ಯಾರಾದರೂ “ನಾನು ಕರ್ಕೊಂಡು ಹೋಗ್ತೀನಿ ಬನ್ನಿ” ಅಂದರೆ ಉತ್ತರ ನಿಮಗೇ ಗೊತ್ತಿರಬೇಕು.

ಮೀನುಗಾರಿಕೆ ದೋಣಿಗಳು ಒಳನಾಡು ಹಡಗು ಕಾಯ್ದೆಯ ವ್ಯಾಖ್ಯೆಯಿಂದಲೇ ಹೊರಗಿವೆ. ಮೀನು ಹಿಡಿಯಲು ನೋಂದಾಯಿಸಿದ ದೋಣಿಯಲ್ಲಿ ಪ್ರವಾಸಿಗರನ್ನು ಕೂರಿಸಿದರೆ, “ರಿಜಿಸ್ಟ್ರೇಷನ್ ಇದೆ” ಎನ್ನುವ ಮಾತು ಸುಳ್ಳಲ್ಲ, ಆದರೆ ನಿಮ್ಮ ಜೀವಕ್ಕೆ ಅದು ಲೆಕ್ಕಕ್ಕೂ ಬರುವುದಿಲ್ಲ. ಬಲೆ ಮತ್ತು ಮೀನಿನ ಭಾರ ತಳದಲ್ಲಿರಲಿ ಎಂದು ಕಟ್ಟಿದ ದೋಣಿ ಅದು. ಅದರ ಮೇಲೆ ಅಟ್ಟ ಕಟ್ಟಿ ಕುರ್ಚಿ ಹಾಕಿದರೆ ಭಾರವೆಲ್ಲ ಮೇಲಕ್ಕೆ ಹೋಗುತ್ತೆ. ತಾನೂರಿನ ಎರಡು ಅಂತಸ್ತಿನ ದೋಣಿ ಮೂಲತಃ ಮೀನುಗಾರಿಕೆ ದೋಣಿಯಾಗಿತ್ತು ಎಂಬುದೇ ಅಲ್ಲಿನ ಮುಖ್ಯ ಆರೋಪ.

ಸರ್ವೆ ಮೊದಲು, ನೋಂದಣಿ ಆಮೇಲೆ

ಎಂಜಿನ್ ಇರುವ ದೋಣಿಗೆ ಎರಡು ಪ್ರಮಾಣಪತ್ರ ಬೇಕು. ಒಂದು ಸರ್ವೆಯದ್ದು, ಇನ್ನೊಂದು ನೋಂದಣಿಯದ್ದು. ಬಾಡಿಗೆಗೆ ಬಿಡಲ್ಲ, ಭಾನುವಾರ ನಾನೊಬ್ಬನೇ ಓಡಿಸ್ತೀನಿ ಅಂದರೂ, ಸರ್ಕಾರ ವಿನಾಯಿತಿಯ ಅಧಿಸೂಚನೆ ಹೊರಡಿಸದ ಹೊರತು ಎಂಜಿನ್ ಇದ್ದ ಮೇಲೆ ಬೇಕೇ ಬೇಕು.

ಸರ್ವೆ ಅಂದರೆ ದೋಣಿಯ ವೈದ್ಯಕೀಯ ತಪಾಸಣೆ ಎನ್ನಿ. ರಾಜ್ಯ ಸರ್ಕಾರ ನೇಮಿಸಿದ ಸರ್ವೇಯರ್ ಬಂದು ದೋಣಿಯ ಒಡಲು, ಎಂಜಿನ್, ಸಲಕರಣೆ ಎಲ್ಲವನ್ನೂ ನೋಡಬೇಕು. ಎಷ್ಟು ಜನರನ್ನು ಕೂರಿಸಬಹುದು, ಯಾವ ವಲಯದ ನೀರಿನಲ್ಲಿ ಓಡಿಸಬಹುದು ಎಂದು ಪತ್ರದಲ್ಲಿ ಬರೆಯಬೇಕು. ವಲಯಗಳು ಮೂರು, ಅಳತೆ ಅಲೆಯ ಎತ್ತರ. 1ನೇ ವಲಯದಲ್ಲಿ ಅಲೆ 2 ಮೀಟರ್‌ವರೆಗೆ, 2ನೇ ವಲಯದಲ್ಲಿ 1.2 ಮೀಟರ್‌ವರೆಗೆ, 3ನೇ ವಲಯದಲ್ಲಿ 0.6 ಮೀಟರ್‌ವರೆಗೆ. ಕೆರೆಗೆಂದು ಪಾಸಾದ ದೋಣಿಯನ್ನು ನದಿ ಸಮುದ್ರ ಸೇರುವ ಅಳಿವೆಯಲ್ಲಿ ಓಡಿಸಿದರೆ ಪತ್ರ ಇದ್ದೂ ಇಲ್ಲದಂತೆ.

ಜನರ ಸಂಖ್ಯೆಯನ್ನು ಸೀಟು ಎಣಿಸಿ ಬರೆಯುವುದಿಲ್ಲ. ದೋಣಿ ಒಂದು ಕಡೆಗೆ ವಾಲಿದಾಗ ತಾನೇ ಎದ್ದು ನಿಲ್ಲುತ್ತಾ ಎಂಬುದರ ಲೆಕ್ಕ ಅದು. ಭಾರ ಕೆಳಗಿದ್ದರೆ ಅಲೆ ಒತ್ತಿದಾಗ ದೋಣಿ ವಾಲಿ ಮತ್ತೆ ನೆಟ್ಟಗಾಗುತ್ತೆ. ಭಾರ ಮೇಲೇರಿದಷ್ಟೂ ಆ ಶಕ್ತಿ ಕಡಿಮೆಯಾಗುತ್ತೆ. ಒಂದು ಹಂತ ದಾಟಿದ ಮೇಲೆ ವಾಲಿದ್ದು ವಾಲಿದ್ದೇ. ಅದೂ ಕ್ಷಣಮಾತ್ರದಲ್ಲಿ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ‘ಜಲಕನ್ಯಕ’ ಮಗುಚಿ 45 ಮಂದಿ ಸತ್ತರು. ದಡದಲ್ಲಿ ಕಾಡುಪ್ರಾಣಿ ಕಂಡು ಜನ ಒಂದೇ ಬದಿಗೆ ಸರಿದರು ಎಂದು ಆಗ ವ್ಯಾಪಕವಾಗಿ ವರದಿಯಾಗಿತ್ತು. ಪ್ರಾಣಿ ತೋರಿಸಲೆಂದೇ ಇರುವ ದೋಣಿ ಜನ ಪ್ರಾಣಿ ನೋಡಲು ಎದ್ದರೆ ಮಗುಚುತ್ತೆ ಅಂದರೆ, ಅದು ಎದ್ದವರ ತಪ್ಪೋ, ಆ ದೋಣಿಯನ್ನು ಪಾಸು ಮಾಡಿದವರ ತಪ್ಪೋ? ಇನ್ನೊಂದು ಮಾತು: ಅದು ಖಾಸಗಿ ದೋಣಿಯಲ್ಲ, ಕೇರಳ ಸರ್ಕಾರದ ಪ್ರವಾಸೋದ್ಯಮ ನಿಗಮದ್ದು. ಓಡಿಸುವವರೂ ಸರ್ಕಾರ, ಪರೀಕ್ಷೆ ಮಾಡುವವರೂ ಸರ್ಕಾರ.

ಸರ್ವೆ ಆದ ಮೇಲೆ ನೋಂದಣಿ. ಮಾಲೀಕರು ವಾಸವಿರುವ ಅಥವಾ ವ್ಯವಹಾರ ನಡೆಸುವ ವ್ಯಾಪ್ತಿಯ ಒಳನಾಡು ಹಡಗು ರಿಜಿಸ್ಟ್ರಾರ್‌ಗೆ ಅರ್ಜಿ ಹಾಕಬೇಕು. ಒಂದು ರಾಜ್ಯದಲ್ಲಿ ಕೊಟ್ಟ ಪ್ರಮಾಣಪತ್ರ ಈಗ ಇಡೀ ದೇಶಕ್ಕೆ ಸಲ್ಲುತ್ತೆ. ಹೊಸ ಕಾಯ್ದೆ ತಂದ ಅನುಕೂಲಗಳಲ್ಲಿ ಇದೂ ಒಂದು. ಸಿಕ್ಕ ನಂಬರನ್ನು ದೋಣಿಯ ಮೇಲೆ ಎದ್ದು ಕಾಣುವಂತೆ ಬರೆಸಬೇಕು. ದೋಣಿ ಮಾರಿದರೆ ಹೆಸರು ಬದಲಾಯಿಸಬೇಕು. ಅಟ್ಟ ಕಟ್ಟಿದಿರಿ, ಎಂಜಿನ್ ಬದಲಿಸಿದಿರಿ, ಉದ್ದ ಹೆಚ್ಚಿಸಿದಿರಿ, ಇಂಥದ್ದನ್ನೆಲ್ಲ ತಿಳಿಸಿ ಒಪ್ಪಿಗೆ ಪಡೆಯಬೇಕು. ಜೊತೆಗೆ ವಿಮೆ ಕಡ್ಡಾಯ. ಸಾವು, ಗಾಯ, ಆಸ್ತಿ ಹಾನಿಯ ಜೊತೆ ಎಣ್ಣೆ ಸೋರಿ ನೀರು ಕೆಟ್ಟರೆ ಅದರ ಹೊಣೆಯೂ ವಿಮೆಯೊಳಗೆ ಬರಬೇಕು.

ಓಡಿಸುವವರಿಗೂ ಪ್ರತ್ಯೇಕ ಅರ್ಹತಾ ಪತ್ರ ಬೇಕು. ನಾಲ್ಕು ತಲೆಮಾರಿನಿಂದ ಅಂಬಿಗರ ಮನೆ ಎಂಬುದು ದೊಡ್ಡ ಅರ್ಹತೆಯೇ ಸರಿ, ನಾನು ಅದನ್ನು ಕಮ್ಮಿ ಅನ್ನಲ್ಲ. ಆದರೆ ಕಾನೂನು ಕೇಳುವುದು ತರಬೇತಿ, ಪರೀಕ್ಷೆ, ಪತ್ರ. ಇಷ್ಟು ದೋಣಿಗೆ ಇಷ್ಟು ಸಿಬ್ಬಂದಿ ಎಂಬ ನಿಯಮವೂ ಇದೆ. ಅದನ್ನು ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಆಮೇಲೆ 25,000ದವರೆಗೆ. ಸಂಚಾರ ಸುರಕ್ಷತೆಯ ನಿಯಮ ಮುರಿದರೆ 50,000ದವರೆಗೆ. ಸೀಸನ್ನಿನ ಒಂದು ವಾರಾಂತ್ಯದಲ್ಲಿ ದೊಡ್ಡ ದೋಣಿಯೊಂದು ಎಷ್ಟು ದುಡಿಯುತ್ತೆ ಅಂತ ನೀವೇ ಗುಣಿಸಿ ನೋಡಿ.

ಕ್ರಿಮಿನಲ್ ಕಾನೂನು ಇನ್ನೂ ಸೋವಿ. ಬಾಡಿಗೆ ಪಡೆದು, ಜೀವಕ್ಕೆ ಅಪಾಯವಾಗುವಷ್ಟು ಭಾರ ತುಂಬಿದ ದೋಣಿಯಲ್ಲಿ ಜನರನ್ನು ಸಾಗಿಸುವುದು ಭಾರತೀಯ ನ್ಯಾಯ ಸಂಹಿತೆಯ 284ನೇ ಕಲಮಿನಡಿ ಅಪರಾಧ. ಗರಿಷ್ಠ ಶಿಕ್ಷೆ ಆರು ತಿಂಗಳು, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಯಾರಾದರೂ ಸತ್ತರೆ ಮಾತ್ರ ದೊಡ್ಡ ಕಲಮುಗಳು ಬರುತ್ತವೆ.

ಪತ್ರ ಸಿಕ್ಕಿತು ಅಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಇಳಿಸಬಹುದು ಅಂತಲ್ಲ. ಜಲಾಶಯವಾದರೆ ಅಣೆಕಟ್ಟಿನ ಉಸ್ತುವಾರಿ ಇರುವ ನಿಗಮದ ಅನುಮತಿ ಬೇಕು. ಅಭಯಾರಣ್ಯದೊಳಗಿನ ನೀರಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯನ್ನು ಕೇಳಬೇಕು. ಊರ ಕೆರೆಯಾದರೆ ಪಂಚಾಯಿತಿ. ಈ ಇಲಾಖೆಗಳು ಒಂದರ ಮುಖ ಒಂದು ನೋಡುತ್ತಾವಾ ಅನ್ನೋದು ಬೇರೆ ಪ್ರಶ್ನೆ.

ನೀರಿನ ಮೇಲಿನ ನಡವಳಿಕೆ

ರಸ್ತೆಯಲ್ಲಿ ನಾವು ಎಡಕ್ಕೆ, ನೀರಿನಲ್ಲಿ ಬಲಕ್ಕೆ. ಎದುರಾಎದುರು ಬಂದ ಎರಡು ಎಂಜಿನ್ ದೋಣಿಗಳೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು. ಅಡ್ಡ ಬಂದರೆ, ಯಾರ ಬಲಗಡೆ ಇನ್ನೊಂದು ದೋಣಿ ಇದೆಯೋ ಅವರು ದಾರಿ ಬಿಡಬೇಕು. ಹಿಂದಿನಿಂದ ದಾಟುವವರೇ ದೂರ ಸರಿದು ದಾಟಬೇಕು. ಎಂಜಿನ್ ದೋಣಿ ಹಾಯಿದೋಣಿಗೆ ದಾರಿ ಬಿಡಬೇಕು, ಬಲೆ ಬಿಟ್ಟಿರುವ ಮೀನುಗಾರರಿಗೂ ಬಿಡಬೇಕು. ಜೆಟ್ ಸ್ಕೀ ಹತ್ತಿ ಬಲೆಯ ಮೇಲೇ ಹಾದು ರೀಲ್ಸ್ ಮಾಡುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಸಮುದ್ರಕ್ಕಾಗಿ 1972ರಲ್ಲಿ ಆದ ಅಂತರರಾಷ್ಟ್ರೀಯ ನಿಯಮಗಳು ಇವು, ಒಳನಾಡಿನಲ್ಲೂ ರೂಢಿ ಇದೇ. ಕತ್ತಲಾದ ಮೇಲೆ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು, ಹಿಂದೆ ಬಿಳಿ. ಪ್ರವಾಸಿ ದೋಣಿ ಕತ್ತಲಾದ ಮೇಲೆ ನೀರಿನಲ್ಲಿರುವುದೇ ಎಚ್ಚರಿಕೆಯ ಗಂಟೆ. ತಾನೂರಿನ ದೋಣಿ ಹೊರಟದ್ದು ಸಂಜೆ, ಅನುಮತಿಯ ಹೊತ್ತು ಮೀರಿದ ಮೇಲೆ.

ಲೈಫ್ ಜಾಕೆಟ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅದರ ಮೇಲೆ 50, 100, 150 ಎಂಬ ಅಂಕಿಯೊಂದಿಗೆ ‘ಎನ್’ ಅಕ್ಷರ ಇರುತ್ತೆ. ಎನ್ ಅಂದರೆ ನ್ಯೂಟನ್, ತೇಲಿಸುವ ಬಲದ ಅಳತೆ. 50ರದ್ದು ಈಜು ಬಲ್ಲವರಿಗೆ ಆಸರೆ ಮಾತ್ರ. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸಿ ಹಿಡಿಯುವಂತೆ ಮಾಡಿದವು 100 ಮತ್ತು ಅದಕ್ಕೂ ಮೇಲಿನವು. ಅಂಕಿಯೇ ಇಲ್ಲದ, ಒಳಗಿನ ಫೋಮ್ ಚಪ್ಪಟೆಯಾದ, ಬಕಲ್ ಮುರಿದು ದಾರ ಕಟ್ಟಿದ ಕಿತ್ತಳೆ ಬಣ್ಣದ ಬಟ್ಟೆಯನ್ನು ಫೋಟೋಗೆ ಹಾಕಿಕೊಳ್ಳಬಹುದು ಅಷ್ಟೆ. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ ನೀರಿಗೆ ಬಿದ್ದ ಕೂಡಲೇ ಜಾಕೆಟ್ ಮೇಲೆ ತೇಲುತ್ತೆ, ಮಗು ಕೆಳಗೆ ಜಾರುತ್ತೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿದೆ. ಮಾರ್ಗಸೂಚಿ ಕಾನೂನಲ್ಲ ಎಂಬ ನೆಪ ನಮ್ಮಲ್ಲಿ ಯಾವಾಗಲೂ ಸಿದ್ಧ.

ನಂಬರ್ ಯಾಕೆ ರಾಜಕೀಯ ಪ್ರಶ್ನೆ

ಇಷ್ಟೆಲ್ಲ ಕಾಗದ ಬಡ ದೋಣಿಯವರ ಮೇಲೆ ಹೊರೆಯಲ್ಲವೇ ಅಂತ ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ನನಗೂ ಅದೇ ಅನುಮಾನ ಇತ್ತು. ಅದನ್ನು ಬದಲಿಸಿದ್ದು ತಾನೂರು. ಅಲ್ಲಿ ಮೊದಲು ಮಾಲೀಕನನ್ನು ಹಿಡಿದರು, ಕೊಲೆ ಕೇಸೇ ಹಾಕಿದರು. ಸಾಮಾನ್ಯವಾಗಿ ಕಥೆ ಅಲ್ಲಿಗೆ ನಿಲ್ಲುತ್ತೆ. ಆದರೆ ಆ ದೋಣಿ ನೋಂದಣಿಯ ಹಾದಿಯಲ್ಲಿ ಹೋಗಿತ್ತು. ಕಡತ ಇತ್ತು, ಕಡತದಲ್ಲಿ ಕೈಗಳು ಕಂಡವು. ಮುಂದಿನ ತಿಂಗಳು ನೋಂದಣಿ ಮತ್ತು ಸರ್ವೆಗೆ ಸಂಬಂಧಿಸಿದ ಇಬ್ಬರು ಅಧಿಕಾರಿಗಳ ಬಂಧನವೂ ಆಯಿತು. ಕೇರಳ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ದೋಣಿಯಲ್ಲಿ ಎಷ್ಟು ಜನ ಹತ್ತಬಹುದು ಎಂಬ ಫಲಕ ಎಲ್ಲರಿಗೂ ಕಾಣುವಂತಿರಬೇಕು ಎಂದಿತು. ಸರ್ಕಾರ ನ್ಯಾಯಾಂಗ ಆಯೋಗ ನೇಮಿಸಿತು.

ನಂಬರೇ ಇಲ್ಲದ ದೋಣಿ ಮುಳುಗಿದರೆ ಏನಾಗುತ್ತೆ? “ಅಕ್ರಮ ದೋಣಿ” ಅಂತ ಒಂದೇ ಮಾತು. ದೋಣಿಯವರು ಜೈಲಿಗೆ, ಇಲಾಖೆ ಮನೆಗೆ. ವಿಮೆ ಇಲ್ಲ, ಹಾಗಾಗಿ ಸತ್ತವರ ಮನೆಯವರು ಮುಖ್ಯಮಂತ್ರಿ ಪರಿಹಾರ ನಿಧಿಯ ಕಡೆ ನೋಡುತ್ತಾ ಕೂರಬೇಕು. ಎಷ್ಟೋ ವರ್ಷ ಎಲ್ಲರ ಕಣ್ಣೆದುರೇ ಟಿಕೆಟ್ ಹರಿದು ಓಡಿದ ದೋಣಿ ಒಂದೇ ರಾತ್ರಿಯಲ್ಲಿ ಅಕ್ರಮ ಆಗಿಬಿಡುತ್ತೆ. ನೋಂದಣಿ ಮಾಡಿಸದೆ ಇದ್ದರೆ ಲಾಭ ಮಾಲೀಕರಿಗೆ ಮಾತ್ರ ಅಂತ ನಾವು ಅಂದುಕೊಂಡಿದ್ದೇವೆ. ಸಹಿ ಹಾಕಬೇಕಾಗಿದ್ದ ಅಧಿಕಾರಿಗೂ ಅದರಲ್ಲಿ ಲಾಭ ಇದೆ.

ನಾನು ಹತ್ತಿದ ದೋಣಿಯವರನ್ನೇ ತಗೊಳ್ಳಿ. ಮೊದಲು ಮೀನು ಹಿಡಿಯುತ್ತಿದ್ದವರು, ಸಂಘದಲ್ಲಿ ಸಾಲ ಮಾಡಿ ಎಂಜಿನ್ ತಂದವರು. ಇಳಿಯುವಾಗ ಅವರೇ ಕೇಳಿದರು, “ನಂಬರ್ ಹಾಕ್ಸೋಕೆ ಎಲ್ಲಿಗೆ ಹೋಗ್ಬೇಕು ಮೇಡಂ?” ಸರಿಯಾದ ಪ್ರಶ್ನೆ. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಬೇರು ಇರುವುದು ಕರಾವಳಿಯಲ್ಲಿ, ಪ್ರಧಾನ ಕಚೇರಿ ಕಾರವಾರದಲ್ಲಿ. ಕಬಿನಿಯ ದಡದವರಿಗೆ, ನಾರಾಯಣಪುರದ ಹಿನ್ನೀರಿನವರಿಗೆ ಕಾರವಾರ ಎಷ್ಟು ದೂರ ಅಂತ ನಕ್ಷೆ ನೋಡಿ. ಕಬಿನಿ, ಕಾಳಿ, ಶರಾವತಿ, ನೇತ್ರಾವತಿಗಳೆಲ್ಲ 2016ರ ಕಾಯ್ದೆಯಲ್ಲಿ ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿ ಸೇರಿವೆ. ದೇಶದಲ್ಲಿ ಒಟ್ಟು 111 ಜಲಮಾರ್ಗ. ಪಟ್ಟಿಗೆ ಸೇರಿಸಿದಷ್ಟು ಸುಲಭವಾಗಿ ದಡಕ್ಕೊಬ್ಬ ಸರ್ವೇಯರ್ ಬರುವುದಿಲ್ಲ. ರೆಸಾರ್ಟಿನವರು ಏಜೆಂಟನ್ನು ಇಟ್ಟುಕೊಂಡು ಕೆಲಸ ಮುಗಿಸುತ್ತಾರೆ. ಈ ಅಣ್ಣ ಎರಡು ದಿನದ ದುಡಿಮೆ ಬಿಟ್ಟು ಬಸ್ಸು ಹತ್ತಬೇಕು, ಮತ್ತೆ ಸರ್ವೇಯರ್ ಬರುವವರೆಗೆ ಕಾಯಬೇಕು. ತಾಲ್ಲೂಕಿಗೆ ತಿಂಗಳಿಗೊಂದು ದಿನ ಸರ್ವೆ ಶಿಬಿರ ಮಾಡಿದರೆ ಆಗದ ಕೆಲಸವೇನಲ್ಲ. ಆಟೋ, ಟ್ರ್ಯಾಕ್ಟರುಗಳಿಗೆ ಆರ್‌ಟಿಓದವರು ಊರೂರಿಗೆ ಹೋಗಿ ಕ್ಯಾಂಪ್ ಮಾಡುವುದನ್ನು ನಾವು ನೋಡಿಲ್ಲವೇ?

ಎಂಜಿನ್ ಇಲ್ಲದ ದೋಣಿಗಳು

ಹಂಪಿಯ ತೆಪ್ಪ, ತಲಕಾಡಿನ ಹರಿಗೋಲು, ಹೊನ್ನಾವರದ ಕಾಂಡ್ಲಾ ಕಾಡಿನ ನಡುವೆ ಹೋಗುವ ಕಯಾಕ್, ಇವುಗಳಿಗೆ ಎಂಜಿನ್ ಇಲ್ಲ. ಆದರೆ ಹೊಸ ಕಾಯ್ದೆ ಇವನ್ನೂ ಕೈಬಿಟ್ಟಿಲ್ಲ. ಇವಕ್ಕಾಗಿಯೇ ಬೇರೆ ಅಧ್ಯಾಯ ಇದೆ. ಇವನ್ನು ಜಿಲ್ಲೆ, ತಾಲ್ಲೂಕು ಅಥವಾ ಗ್ರಾಮ ಮಟ್ಟದಲ್ಲಿ ದಾಖಲು ಮಾಡಬೇಕು, ಆ ಕೆಲಸವನ್ನು ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದು ಎಂದು ಅದು ಹೇಳುತ್ತೆ. ಇಡೀ ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. ಯಾರ ತೆಪ್ಪ ಹಳತಾಗಿದೆ, ಯಾವ ತಿಂಗಳು ಯಾವ ಕಡವಿನಲ್ಲಿ ಸುಳಿ ಏಳುತ್ತೆ, ಡ್ಯಾಮಿನಿಂದ ನೀರು ಬಿಟ್ಟರೆ ಎಷ್ಟು ಹೊತ್ತಿಗೆ ಇಲ್ಲಿಗೆ ಬರುತ್ತೆ ಎಂಬುದು ಬೆಂಗಳೂರಿಗೆ ಗೊತ್ತಿರಲ್ಲ, ಗ್ರಾಮ ಪಂಚಾಯಿತಿ ಸದಸ್ಯರಿಗೆ ಗೊತ್ತಿರುತ್ತೆ. ಗ್ರಾಮಸಭೆಯಲ್ಲಿ ಬೀದಿದೀಪ, ಚರಂಡಿಯ ಜೊತೆ ದೋಣಿಯ ವಿಷಯವೂ ಬರಬಹುದು. ಆದರೆ ಕಾಯ್ದೆ ಹೇಳುವುದು ‘ವಹಿಸಬಹುದು’ ಅಂತ. ವಹಿಸಲೇಬೇಕು ಅಂತಲ್ಲ.

ಅಪಘಾತವಾದರೆ ಹತ್ತಿರದ ಪೊಲೀಸ್ ಠಾಣೆಗೂ, ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೂ ತಿಳಿಸಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ವಿಚಾರಣೆ ಮಾಡಿಸಿ ವರದಿ ತರಿಸಿಕೊಳ್ಳುವ ಅಧಿಕಾರ ರಾಜ್ಯಕ್ಕಿದೆ. ಅಂಥ ವರದಿ ನಿಮ್ಮ ಜಿಲ್ಲೆಯಲ್ಲಿ ಇದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ. ಹಾಗಾಗಿ ಮೊದಲ ಅರ್ಜಿಯಲ್ಲಿ ಇಷ್ಟೇ ಕೇಳಿ: ನಮ್ಮ ತಾಲ್ಲೂಕಿನ ಒಳನಾಡು ನೀರಿನಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ, ನೋಂದಣಿಯಾದ ದೋಣಿಗಳ ಪಟ್ಟಿ, ಪ್ರತಿ ದೋಣಿಯ ಸರ್ವೆ ಪತ್ರದ ಅವಧಿ ಮುಗಿಯುವ ದಿನ, ಕೂರಿಸಬಹುದಾದ ಜನರ ಸಂಖ್ಯೆ.

ಆ ಸುತ್ತಿನಿಂದ ಬಂದ ಮೇಲೆ ನಾನೂ ಎರಡು ಅರ್ಜಿ ಹಾಕಿದೆ. ಎಂಜಿನ್ ಇಲ್ಲದ ದೋಣಿ ಎಷ್ಟು ದಾಖಲಾಗಿವೆ ಎಂದು ಒಂದು ಸ್ಥಳೀಯ ಸಂಸ್ಥೆಯನ್ನು ಕೇಳಿದ್ದಕ್ಕೆ, ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ಅರ್ಜಿಯನ್ನು ಬೇರೊಂದು ಕಚೇರಿಗೆ ವರ್ಗಾಯಿಸಿದರು. ಆ ಕಚೇರಿ, ಎಂಜಿನ್ ಇಲ್ಲದವು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಒಂದೇ ಸಾಲಿನ ಉತ್ತರ ಕಳಿಸಿತು. ಎರಡನೇ ಅರ್ಜಿ, ಎಂಜಿನ್ ದೋಣಿಗಳದ್ದು, ಅದಕ್ಕೆ ಉತ್ತರವೇ ಬರಲಿಲ್ಲ. ಹೋದ ವಾರ ಮೊದಲ ಮೇಲ್ಮನವಿ ಹಾಕಿದ್ದೇನೆ. ದೋಣಿಯವರಿಗೆ ಫೋನ್ ಮಾಡಿ ಇಷ್ಟನ್ನು ಹೇಳಿದಾಗ, “ಉತ್ತರ ಬಂದ್ರೆ ನಂಗೂ ಒಂದು ಜೆರಾಕ್ಸ್ ಕಳ್ಸಿ ಮೇಡಂ” ಅಂದರು.